ನಿಪ್ಪಾಣಿಯ ಮಾಳಿಗೆಯಲ್ಲಿ ಸ್ವಚ್ಛಗೊಂಡ ಸನಾದಿ

ನಾನು ನಿಂತಿದ್ದದ್ದು ನಿಪ್ಪಾಣಿಯಲ್ಲಿ, ಒಂದು ತಂಬಾಕಿನ ವಖಾರಿನ ಮೇಲಿನ ಮಾಳಿಗೆಯಲ್ಲಿ, ಪೂರ್ವದ ಗೋಡೆಗೆ ಹಚ್ಚಿಟ್ಟ ಮೇಜಿನ ಎಡಗಡೆಗೆ. ಮೇಜಿನ ಮೇಲೆ ಎರಡು ಕ್ಯಾಸೆಟ್ ಹಿಡಿಯುವ ಟೇಪು ಇತ್ತು. 1989ನೆಯ ಇಸವಿ, ಸಂಕ್ರಾಂತಿ ಮುಗಿದ ಮೇಲಿನ ಮೊದಲ ರವಿವಾರ. ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡು ಹೊಡೆದು ಹತ್ತು ನಿಮಿಷವಾಗಿತ್ತು. ಆ ಗಡಿಯಾರ ಯಾವಾಗಲೂ ಐದು ನಿಮಿಷ ಮುಂದಿರುತ್ತಿತ್ತು, ಆದ್ದರಿಂದ ಹನ್ನೆರಡೂ ಐದು ಎಂದು ಹಿಡಿಯಬೇಕು. ನನ್ನಿಂದ ಗಾದಿಗೆ ನಾಲ್ಕು ಹೆಜ್ಜೆ. ಗಾದಿಯ ಮೇಲೆ ಲೋಡಿಗೆ ಒರಗಿ ಮೂವರು ಕುಳಿತಿದ್ದರು. ಪಾವಟಿಗೆಯ ಬಾಯಿಯ ಹತ್ತಿರ ಬರಿಯ ಚಾಪೆಯ ಮೇಲೆ ಒಬ್ಬ. ಒಳಮನೆಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು. ನನ್ನನ್ನು ಸೇರಿಸಿ ಆರು ಜನ. ನನ್ನ ಬಲಗೈಯ ಎರಡು ಬೆರಳುಗಳು ಟೇಪಿನ ಎರಡು ಗುಂಡಿಗಳ ಮೇಲಿದ್ದವು. ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಆಮೇಲೆ ಈ ಸಂಗತಿಯನ್ನು ಹೇಳಿದವರೆಲ್ಲ ಟೇಪು ಕೆಟ್ಟಿತ್ತು ಎಂದು ಹೇಳಿದ್ದಾರೆ. ಟೇಪು ಕೆಟ್ಟಿರಲಿಲ್ಲ.

ನಾವು ನಮ್ಮನ್ನು ರಸಿಕರು ಎಂದು ಕರೆದುಕೊಳ್ಳುತ್ತಿದ್ದೆವು. ಬೇರೆ ಯಾರೂ ಹಾಗೆ ಕರೆದದ್ದು ನನಗೆ ಗೊತ್ತಿಲ್ಲ. ತಿಂಗಳಿಗೆ ಎರಡು ರವಿವಾರ ಆ ಮಾಳಿಗೆಯಲ್ಲಿ ಕೂಡಿ, ದೊಡ್ಡ ಗಾಯಕರ, ವಾದಕರ ಧ್ವನಿಮುದ್ರಿಕೆಗಳನ್ನು ಒಬ್ಬರಿಗೊಬ್ಬರು ಕೇಳಿಸುತ್ತಿದ್ದೆವು. ನಮ್ಮಲ್ಲಿ ಒಬ್ಬನಿಗೂ ಒಂದು ನೆಟ್ಟಗಿನ ಷಡ್ಜ ಹಚ್ಚಲು ಬರುತ್ತಿರಲಿಲ್ಲ. ಆ ಕೊರತೆಯನ್ನು ನಾವು ಅಭಿಪ್ರಾಯಗಳಿಂದ ತುಂಬಿಕೊಂಡಿದ್ದೆವು.

ಮಾಳಿಗೆಯ ಯಜಮಾನರು ತಂಬಾಕಿನ ಸಾವುಕಾರರು. ಗೋಡೆಯಗಲದ ಕಪಾಟಿನ ತುಂಬ ಅವರ ಕ್ಯಾಸೆಟ್ಟುಗಳು. ಕಪಾಟಿಗೆ ಕೀಲಿ, ಕೀಲಿ ಅವರ ಜನಿವಾರಕ್ಕೆ. ಮಿರಜಿನಲ್ಲಿ, ಕೊಲ್ಹಾಪುರದಲ್ಲಿ ಯಾವ ಬೈಠಕ್ಕು ನಡೆದರೂ ಮೊದಲ ಸಾಲಿನಲ್ಲಿ ಅವರೇ. ವಿಲಂಬಿತ ಮುಗಿಯುವುದರೊಳಗೆ ನಿದ್ದೆ ಹೋಗುತ್ತಿದ್ದರು. ಚಪ್ಪಾಳೆಗೆ ಎಚ್ಚರಾಗಿ, ಎಲ್ಲರಿಗಿಂತ ಗಟ್ಟಿಯಾಗಿ "ಕ್ಯಾ ಬಾತ್" ಎನ್ನುತ್ತಿದ್ದರು.

ಎರಡನೆಯವರು ಚಿಕ್ಕೋಡಿಯ ವಕೀಲರು. ಬೇಡಕಿಹಾಳದ ಕಡೆ ಕಬ್ಬಿನ ಹೊಲ, ಚಿಕ್ಕೋಡಿಯಲ್ಲಿ ವಕೀಲಿ. ಇಬ್ಬರು ಗಾಯಕರಲ್ಲಿ ಯಾರು ದೊಡ್ಡವರು ಎಂಬ ವ್ಯಾಜ್ಯ ಅವರಿಗೆ ಪ್ರಾಣ. ಒಮ್ಮೆ ಯಾವುದೋ ಊರಿನಲ್ಲಿ ಒಬ್ಬ ಹಿರಿಯರ ಮಾರವಾ ರಾಗ ಕೇಳಿದ್ದರಂತೆ. ಆ ಕಥೆಯನ್ನು ನಾನು ಆರು ವರ್ಷ ಕೇಳಿದೆ. ಮೊದಲ ಸಲ ಅವರು ಏಳನೆಯ ಸಾಲಿನಲ್ಲಿ ಕೂತಿದ್ದರು. ಮುಂದೆ ನಾಲ್ಕನೆಯ ಸಾಲು, ಆಮೇಲೆ ಮೊದಲನೆಯದು. ನಾನು ಹೇಳುತ್ತಿರುವ ಚಳಿಗಾಲದ ಹೊತ್ತಿಗೆ ಅವರು ವೇದಿಕೆಯ ಮೇಲೆ ಹತ್ತಿ, ಆ ಹಿರಿಯರ ತಂಬೂರಿಯ ತಂತಿ ಸರಿಮಾಡಿ ಕೊಟ್ಟಿದ್ದರು.

ಮೂರನೆಯವರು ಅಥಣಿಯ ಡಾಕ್ಟರು. ಬದುಕಿದ್ದವರನ್ನು ಅವರು ಕಲಾವಿದರೆಂದು ಒಪ್ಪುತ್ತಿರಲಿಲ್ಲ. ಸಾಯುವುದು ಅವರ ಲೆಕ್ಕದಲ್ಲಿ ಮೊದಲ ಅರ್ಹತೆ. ಒಬ್ಬ ಗಾಯಕರು ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂದ ವಾರವೇ, ಹಿಂದಿನ ಸಲ ಬೈದಿದ್ದ ಅವರ ತೋಡಿಯನ್ನು ತಂದು ಕಣ್ಣೀರು ಹಾಕಿದ್ದರು.

ನಾಲ್ಕನೆಯವನು ನಾನು. ರಾಯಬಾಗದಲ್ಲಿ ಸರಕಾರಿ ಕಾರಕೂನ. ಅವರ ನಡುವೆ ನನಗೆ ಜಾಗ ಸಿಕ್ಕಿದ್ದು ಕಿವಿಯಿಂದಲ್ಲ, ಕೈಯಿಂದ. ಸಿಕ್ಕಿಬಿದ್ದ ರೀಲನ್ನು ಬಿಡಿಸುವುದು, ತುಂಡಾದದ್ದನ್ನು ಜೋಡಿಸುವುದು, ಒಂದರಿಂದ ಇನ್ನೊಂದಕ್ಕೆ ತುಂಬುವುದು ನನಗೆ ಬರುತ್ತಿತ್ತು. ಅವರು ಕೂರುತ್ತಿದ್ದರು, ನಾನು ಮೇಜಿನ ಹತ್ತಿರ ನಿಲ್ಲುತ್ತಿದ್ದೆ. ನಿಲ್ಲುವುದು ನನಗೆ ದೊಡ್ಡ ಗೌರವವೆನಿಸಿತ್ತು.

ನಮ್ಮಲ್ಲಿ ಎರಡು ಕಟ್ಟುಪಾಡುಗಳಿದ್ದವು. ಒಂದು, ಹೊಸ ಕ್ಯಾಸೆಟ್ ತಂದವನು ಅದು ಯಾರದೆಂದು ಮೊದಲು ಹೇಳಬಾರದು. ಎಲ್ಲರೂ ಕೇಳಿ, ಗುರುತಿಸಿ, ತೀರ್ಪು ಕೊಟ್ಟಮೇಲೆ ಹೆಸರು ಬಿಡಿಸಬೇಕು. ಎರಡನೆಯದು, ಸ್ವಚ್ಛ ಮಾಡುವುದು. ರೇಡಿಯೋದ ನಿವೇದಕರ ಮಾತು, ಕೇಳುಗರ ಕೆಮ್ಮು, ಕೂಸಿನ ಅಳು, ಚಪ್ಪಾಳೆ, ಇವೆಲ್ಲ ನಮಗೆ ಹೊಲಸು. "ಸಂಗೀತದಾಗ ಮನಶ್ಯಾರ ಸಪ್ಪಳ ಇರಬಾರದು" ಎಂದು ಸಾವುಕಾರರು ಹೇಳುತ್ತಿದ್ದರು. ಆ ಸಪ್ಪಳ ಬರುವ ಜಾಗದಲ್ಲಿ ನಾನು ಟೇಪಿನ ಮೈಕಿನ ತೂತಿಗೆ ಒಂದು ಬರಿಯ ಪಿನ್ನು ಸಿಕ್ಕಿಸಿ, ತುಂಬುವ ಗುಂಡಿ ಒತ್ತಿ ಮೌನವನ್ನು ತುಂಬುತ್ತಿದ್ದೆ. ಮೌನದ ಕೆಳಗೆ ಇದ್ದದ್ದೆಲ್ಲ ಹೋಗುತ್ತಿತ್ತು. ಕೆಮ್ಮಿನ ಜೊತೆ ಒಂದು ಸ್ವರವೂ, ಚಪ್ಪಾಳೆಯ ಜೊತೆ ತಬಲಾದ ಕೊನೆಯ ಸಮ್ಮೂ ಹೋದದ್ದುಂಟು. ಗಾದಿಯ ಮೇಲಿದ್ದವರು ಒಮ್ಮೆಯೂ ಗಮನಿಸಲಿಲ್ಲ. ನಾನು ಗಮನಿಸಿದ್ದೆ. ಹೇಳಿರಲಿಲ್ಲ.

ಆ ಚಳಿಗಾಲದ ಹಿಂದಿನ ಮಳೆಗಾಲದ ಕೊನೆಗೆ ಕಚೇರಿಯ ಕೆಲಸಕ್ಕೆ ಉಗಾರ ಬುದ್ರುಕಕ್ಕೆ ಹೋಗಿದ್ದೆ. ಸೈಕಲ್ಲು ಪಂಕ್ಚರ್ ಆಯಿತು. ಊರ ಬಾಯಲ್ಲಿ ಒಂದು ಸೈಕಲ್ ಅಂಗಡಿ. ಅಂಗಡಿಯವನು ಐವತ್ತಕ್ಕೆ ಹತ್ತಿರದವನು, ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಹಿಂದೆ ಗೂಡಿನಲ್ಲಿಟ್ಟ ಸಣ್ಣ ಟೇಪಿನಿಂದ ಸನಾದಿ ಕೇಳಿಸುತ್ತಿತ್ತು. ಸಾರಂಗ ರಾಗ. ಹೊತ್ತೂ ಮಧ್ಯಾಹ್ನವೇ ಆಗಿತ್ತು. ನಾನು ಆರು ವರ್ಷ ಕೇಳಿದ್ದ ಕ್ಯಾಸೆಟ್ಟುಗಳಲ್ಲಿ ಅಂಥ ಸಾರಂಗ ಇರಲಿಲ್ಲ.

"ಯಾರದ್ರಿ ಇದು?" ಎಂದೆ.

"ನಮ್ಮಣ್ಣನ್ದರಿ."

ಅವನು ಹೇಳಿದ್ದನ್ನು ಅವನು ಹೇಳಿದಷ್ಟೇ ಬರೆಯುತ್ತೇನೆ. ಅಣ್ಣ ಲಗ್ನಗಳಲ್ಲಿ ಸನಾದಿ ಊದುತ್ತಿದ್ದ. ಇವನು ಪಕ್ಕದಲ್ಲಿ ಕೂತು ಶ್ರುತಿ ಹಿಡಿಯುತ್ತಿದ್ದ. ಅಂದರೆ ಇನ್ನೊಂದು ಕೊಳವೆಯಲ್ಲಿ ಒಂದೇ ಸ್ವರವನ್ನು ಕಡಿಯದೆ ಊದುತ್ತ ಹೋಗುವುದು. ಅಣ್ಣ ತೀರಿಕೊಂಡು ಐದು ವರ್ಷ. ಅವನ ಊದಿಕೆ ಉಳಿದದ್ದು ಇದೊಂದೇ. ಯಾವುದೋ ದೊಡ್ಡವರ ಲಗ್ನದಲ್ಲಿ ಲೌಡ್‌ಸ್ಪೀಕರಿನವನು ತನ್ನ ಖುಷಿಗೆ ಮೈಕಿನಿಂದ ತುಂಬಿಕೊಂಡು, ಆಮೇಲೆ ಇವರಿಗೊಂದು ಕಾಪಿ ಮಾಡಿ ಕೊಟ್ಟದ್ದು.

"ಇಪ್ಪತ್ತೆರಡ ವರ್ಷ ಅಣ್ಣನ ಬಾಜೂಕ ಕುಂತೀನ್ರಿ" ಎಂದ. "ಆದ್ರ ನಾ ಅವನ್ನ ಕೇಳಿಲ್ಲ. ಶ್ರುತಿ ಹಿಡದಾಂವ ಆಕಡೆ ಕಿವಿ ಕೊಡಬಾರದ್ರಿ. ಕೊಟ್ಟ ಅಂದ್ರ ಸ್ವರ ಅಳ್ಳಾಡತೈತಿ. ಅಣ್ಣ ಸತ್ತ ಮ್ಯಾಲ ಈ ಕ್ಯಾಸೆಟ್ಟಿನ್ಯಾಗ ಕೇಳೀನಿ, ಅಂವ ಏನ ಊದತಿದ್ದ ಅನ್ನೂದು."

ಸ್ವಲ್ಪ ಹೊತ್ತಿಗೆ ಟೇಪಿನಲ್ಲಿ ಒಬ್ಬ ಗಂಡಸು ಮೈಕಿನ ಬದಿಗೆ ಒದರಿದ್ದು ಕೇಳಿತು. ಅಂಗಡಿಯವನು ಒದ್ದೆ ಕೈಯನ್ನು ಎತ್ತಿ ಹಿಡಿದ.

"ಈಗ ಕೇಳ್ರಿ. ಇದನ್ನ ಕೇಳ್ರಿ."

ಯಾರೋ ಆಯೇರ, ಅಂದರೆ ಲಗ್ನದ ಉಡುಗೊರೆ, ಮಾಡಿದವರ ಹೆಸರುಗಳನ್ನು ಓದತೊಡಗಿದ್ದರು. ಆ ಹೆಸರುಗಳ ಹಿಂದೆ, ಮೈಕಿನಿಂದ ದೂರ, ಸನಾದಿ ನಿಂತಿರಲಿಲ್ಲ. ಮೇಲಿದ್ದ ಎಳೆಯನ್ನು ಅವಸರವಿಲ್ಲದೆ ಒಂದೊಂದೇ ಮೆಟ್ಟಿಲು ಇಳಿಸಿ, ರಿಷಭದ ಮೇಲೆ ಬಹಳ ಹೊತ್ತು ನಿಂತು, ಆಮೇಲೆ ಷಡ್ಜಕ್ಕೆ ತಂದು ಬಿಟ್ಟಿತು. ಎಲ್ಲ ಸೇರಿ ನಲವತ್ತು ಸೆಕೆಂಡು.

"ಬಂದ್ ಮಾಡಂದ್ರೂ ಬಂದ್ ಮಾಡಲಿಲ್ಲ ನೋಡ್ರಿ" ಎಂದ. "ರಾಗ ಮನೀಗಿ ಮುಟ್ಟಿಸಿನ ಕೆಳಗಿಟ್ಟ."

ಕ್ಯಾಸೆಟ್ಟು ಸವೆದಿತ್ತು. ನಡುನಡುವೆ ಕಿರುಗುಡುತ್ತಿತ್ತು. ಇನ್ನೊಂದು ವರ್ಷ ಬಾಳಿಕೆ ಬಂದರೆ ಹೆಚ್ಚು. ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ಚಕ್ಕೆಗಳನ್ನು ಅವನು ಮುರಿದಿಟ್ಟಿದ್ದ. ಅವನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಯಾರೂ ಮತ್ತೇನನ್ನೂ ತುಂಬಲಾಗದು. ಇದು ಹೋದರೆ ಅಣ್ಣನ ಊದಿಕೆ ಪೂರ್ತಿ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ನಿಪ್ಪಾಣಿಯಲ್ಲಿ ಒಳ್ಳೆಯ ಯಂತ್ರವಿದೆ, ಹೊಸ ಕ್ಯಾಸೆಟ್ಟಿಗೆ ತುಂಬಿಕೊಡುತ್ತೇನೆ ಎಂದು ನಾನೇ ಹೇಳಿದೆ. ಒಂದು ಕಾಪಿ ಅವನಿಗೆ ಬೇಕಾಗಿತ್ತು. ಬೇರೇನೂ ಬೇಕಾಗಿರಲಿಲ್ಲ. ನನಗೆ ಬೇಕಾಗಿತ್ತು. ಹೆಸರು ಹೇಳದೆ ಗಾದಿಯವರಿಗೆ ಇದನ್ನು ಕೇಳಿಸಿ, ಅವರು ಬೆರಗಾದ ಮೇಲೆ ನಾನು ಬಾಯಿ ಬಿಡಬೇಕು ಎಂಬ ಆಸೆ. ಅದಕ್ಕಾಗಿ ಅವನನ್ನು ಕಾಯಿಸಿ ಕಾಯಿಸಿ, ಮೂವರೂ ಒಟ್ಟಿಗೆ ಸೇರುವ ರವಿವಾರಕ್ಕೇ ಕರೆದುಕೊಂಡು ಹೋದೆ.

ಅವನು ರಾಯಬಾಗದವರೆಗೆ ಬಂದ. ಅಲ್ಲಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ನಿಪ್ಪಾಣಿ. ಒಗೆದ ಬಿಳಿ ಅಂಗಿ, ತಲೆಗೆ ಟೋಪಿ. ಕ್ಯಾಸೆಟ್ಟನ್ನು ಒಂದು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಒಳಗಿನ ಜೇಬಿನಲ್ಲಿಟ್ಟಿದ್ದ. ವಖಾರಿನ ತಂಬಾಕಿನ ಘಾಟಿಗೆ ಪಾವಟಿಗೆಯ ಮೇಲೆ ನಾಲ್ಕು ಸಲ ಸೀನಿದ.

"ಯಾರ್ರಿ ಇಂವಾ?" ಎಂದರು ಸಾವುಕಾರರು.

"ಉಗಾರದಾಂವ್ರಿ. ಒಂದು ಕಾಪಿ ಮಾಡ್ಕೊಡೂದಿತ್ತು."

"ಕುಂಡ್ರಲಿ ಅಲ್ಲೆ." ಅವರು ತೋರಿಸಿದ್ದು ಪಾವಟಿಗೆಯ ಹತ್ತಿರದ ಚಾಪೆ. ನಮಗೆ ಚಹಾ ಕಪ್ಪುಬಸಿಯಲ್ಲಿ ಬಂತು, ಅವನಿಗೆ ಗಾಜಿನ ಲೋಟದಲ್ಲಿ. ತಂದಾಕೆ ಸಾವುಕಾರರ ಸೊಸೆ. ಮೂವತ್ತರೊಳಗಿನ ವಯಸ್ಸು, ಕಾಗವಾಡದ ಕಡೆಯ ತವರು. ಆಕೆ ಆ ಮಾಳಿಗೆಗೆ ಬರುತ್ತಿದ್ದದ್ದು ಚಹಾ ಮತ್ತು ಅವಲಕ್ಕಿ ತರಲು ಮಾತ್ರ. ಆರು ವರ್ಷದಲ್ಲಿ ಆಕೆಗೆ ಒಬ್ಬರೂ "ನಿಮಗ ಯಾರ ಹಾಡು ಸೇರತೈತ್ರಿ" ಎಂದು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕ್ಯಾಸೆಟ್ಟನ್ನು ಹಾಕಿದೆ. ಮೂವರೂ ಕಣ್ಣು ಮುಚ್ಚಿದರು. ಅವರು ಕಣ್ಣು ಮುಚ್ಚುವುದರಲ್ಲಿಯೂ ಒಂದು ಸ್ಪರ್ಧೆ ಇತ್ತು, ಕೊನೆಗೆ ತೆರೆದವನು ಹೆಚ್ಚು ತಿಳಿದವನು. ಆ ದಿನ ಐದು ನಿಮಿಷದಲ್ಲಿ ಮೂವರೂ ಅದನ್ನು ಮರೆತರು. ಡಾಕ್ಟರು ಮುಂದಕ್ಕೆ ಬಾಗಿದರು. ವಕೀಲರು ಚಹಾ ಆರಲು ಬಿಟ್ಟರು. ಸಾವುಕಾರರಿಗೆ ನಿದ್ದೆ ಬರಲಿಲ್ಲ. ಇದನ್ನು ನಾನು ಅವರ ಪರವಾಗಿ ಬರೆಯಬೇಕು. ಆ ಇಪ್ಪತ್ತು ನಿಮಿಷ ಅವರು ನಿಜವಾಗಿ ಕೇಳಿದರು.

"ಇದು ಉತ್ತರದ ದೊಡ್ಡ ಉಸ್ತಾದರ್ದು" ಎಂದರು ವಕೀಲರು. "ವಯಸ್ಸಿನ್ಯಾಗಿಂದು. ಖಾಸಗಿ ಮೆಹಫಿಲ್ಲು. ನಾ ಬರದ ಕೊಡ್ತೀನಿ."

"ಸಂಬಾಳ ಬಾರಿಸಾಕತ್ತಾರಲ್ರಿ ಹಿಂದ" ಎಂದರು ಸಾವುಕಾರರು. ಸಂಬಾಳ ಅಂದರೆ ನಮ್ಮ ಕಡೆಯ ಲಗ್ನದ ಚರ್ಮವಾದ್ಯ. "ತಬಲಾ ಇಲ್ಲಲ್ಲ."

"ಅದ ಮಜಾ ಸಾವಕಾರ್ರ. ದೊಡ್ಡವ್ರು ಒಮ್ಮೊಮ್ಮೆ ಮುದ್ದಾಂ ಜಾನಪದ ಸಾಥ್ ತಗೋತಿದ್ರು."

"ಉಸರ ನೋಡ್ರಿ ಉಸರ" ಎಂದರು ಡಾಕ್ಟರು. "ನಾ ದಿನಾ ನೂರ ಎದಿ ಪರೀಕ್ಷಾ ಮಾಡಾಂವ. ಇಂಥಾ ಉಸರು ನಮ್ಮ ಸೀಮ್ಯಾಗ ಹುಟ್ಟಂಗಿಲ್ಲ. ತಲಿತಲಾಂತರದ ತಾಲೀಮು ಬೇಕು."

"ಮತ್ತ ಈಗಿನಾವ್ರು?" ಎಂದು ವಕೀಲರು ಡಾಕ್ಟರನ್ನು ಕೇಳಿದರು.

"ಈಗಿನಾವ್ರು ಊದಬತ್ತಿ ಮಾರ್ಲಿ."

ಚಾಪೆಯ ಮೇಲಿದ್ದವನು ತಲೆ ಬಗ್ಗಿಸಿ ಕೂತಿದ್ದ. ಕ್ಯಾಸೆಟ್ಟಿನ ಖಾಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅವನು ನಗುತ್ತಿದ್ದನೋ ಇಲ್ಲವೋ ನನಗೆ ಕಾಣಿಸಲಿಲ್ಲ. ಕಾಣಿಸದ್ದನ್ನು ಬರೆಯುವುದಿಲ್ಲ.

ಆಗ ಆ ಒದರುವಿಕೆ ಬಂತು. ನಡುವಯಸ್ಸಿನ ಗಂಡಸಿನ ದನಿ, ಅರ್ಧ ಮರಾಠಿ, ಅರ್ಧ ಕನ್ನಡ, ಮೈಕಿಗೆ ಬಾಯಿ ಹಚ್ಚಿದಷ್ಟು ಹತ್ತಿರ.

"ಏ ಬಂದ್ ಕರ ರೇ ತೇ! ಊದೂದ ಸಾಕ ಮಾಡಲೇ. ಆಯೇರದ ಹೆಸರ ಹೇಳೂದೈತಿ."

ಮೂವರೂ ಬೆಚ್ಚಿದರು. ನಾನು ಟೇಪು ನಿಲ್ಲಿಸಿದೆ.

"ಎಂಥಾ ದನಾ ಐತಿ ನೋಡ್ರಿ" ಎಂದರು ಸಾವುಕಾರರು. ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. "ಇಂಥಾ ಸಾರಂಗದ ಮುಂದ ಆಯೇರಂತ ಆಯೇರ. ಇಂಥಾವ್ರನ್ನ ಮಾಂಡವದಾಗ ಬಿಡಬಾರದು, ಗ್ವಾದಲ್ಯಾಗ ಕಟ್ಟಬೇಕು."

"ಉಸ್ತಾದರಿಗೇ ಲೇ ಅಂತಾನಲ್ರಿ ಮಗಾ" ಎಂದರು ವಕೀಲರು.

"ಗಂಟಲಾ ಕೇಳ್ರಿ. ಹರಾಜ ಕೂಗಿ ಕೂಗಿ ಬೆಳದ ಗಂಟಲಾ" ಎಂದರು ಡಾಕ್ಟರು.

"ರೊಕ್ಕ ಇರತೈತಿ, ಕಿವಿ ಇರಂಗಿಲ್ಲ ಇಂಥಾ ಮಂದಿಗಿ" ಎಂದು ಮುಗಿಸಿದರು ಸಾವುಕಾರರು.

ಒಳಮನೆಯ ಬಾಗಿಲಲ್ಲಿ ಸೊಸೆ ಅವಲಕ್ಕಿಯ ತಾಟು ಹಿಡಿದು ನಿಂತಿದ್ದರು. ಅವರು ಬಂದು ಎಷ್ಟು ಹೊತ್ತಾಗಿತ್ತೋ ತಿಳಿಯದು. ಮೆಲ್ಲಗೆ, ನೆನಪಾದದ್ದನ್ನು ಹೇಳುವ ಹಾಗೆ ಹೇಳಿದರು.

"ಮಾಂವಾರ, ಅದು ನೀವ ಅಲ್ರಿ?"

"ಏನ?"

"ನಿಮ್ಮ ದನೀನ್ರಿ ಅದು. ನಮ್ಮ ಲಗ್ನದಾಗಿಂದು. ಅಕ್ಕಿಕಾಳ ಬಿದ್ದ ಮ್ಯಾಲ ಆಯೇರ ಓದಾಕ ಮೈಕ್ ಬೇಕಾಗಿತ್ತಲ್ರಿ."

ತನ್ನ ದನಿಯನ್ನು ಯಂತ್ರದಲ್ಲಿ ಕೇಳಿದರೆ ಯಾರಿಗೂ ಗುರುತು ಹತ್ತುವುದಿಲ್ಲ. ಆದರೆ ವಕೀಲರಿಗೂ ಡಾಕ್ಟರಿಗೂ ಹತ್ತಿರಲಿಲ್ಲ ಎಂಬುದನ್ನು ನಾನು ಇವತ್ತಿಗೂ ನಂಬುವುದು ಕಷ್ಟ. ಒಂದು ಕೆಮ್ಮಿನಿಂದ ಇಂಥ ಊರಿನ ಇಂಥ ಸಭೆ ಎಂದು ಹೇಳುವ ಕಿವಿಗಳು ಅವು. ತಿಂಗಳಿಗೆರಡು ಸಲ ಆ ದನಿಯ ಚಹಾ ಕುಡಿಯುತ್ತಿದ್ದ ಕಿವಿಗಳು. ನನಗೂ ಉಗಾರದ ಅಂಗಡಿಯಲ್ಲಿ ಹತ್ತಿರಲಿಲ್ಲ. ಇನ್ನೊಂದು ಮಾತು. ಆ ಲಗ್ನಕ್ಕೆ ಮೂವರೂ ಹಾಜರಿದ್ದರು. ಇದೇ ಸನಾದಿಯನ್ನು ಮೂವತ್ತು ಮಾರು ದೂರದಲ್ಲಿ ಕೂತು ಕೇಳಿದ್ದರು. ಊಟದ ಪಂಕ್ತಿಯಲ್ಲಿ ಯಾರು ದೊಡ್ಡವರೆಂಬ ವಾದ ಆಗ ನಡೆದಿದ್ದಿರಬೇಕು.

ಈ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನನ್ನ ಆಸೆ ಬಿಡಲಿಲ್ಲ. "ಊದಿದ್ದು ಉಸ್ತಾದರಲ್ರಿ" ಎಂದೆ. "ಇವರ ಅಣ್ಣ. ಉಗಾರ ಬುದ್ರುಕದಾವ್ರು."

ಸಾವುಕಾರರು ಚಾಪೆಯ ಕಡೆ ನೋಡಿದರು. ಅವನು ಎದ್ದು ನಿಂತು ಕೈ ಮುಗಿದ.

"ಹೌದ್ರಿ ಸಾವಕಾರ್ರ. ನಿಮ್ಮ ಮನಿ ಲಗ್ನಾನ ಅಂತ ನನಗ ಇಲ್ಲಿ ಬಂದ ಮ್ಯಾಲ ಅಂದಾಜ ಆತ್ರಿ. ನಾವ ನಾಕೈದ ಲಗ್ನ ಊದೀವಿ ನಿಪ್ಪಾಣ್ಯಾಗ."

ಆಮೇಲೆ ಸಂಗೀತ ಕೆಡತೊಡಗಿತು. ನಿಂತ ಟೇಪಿನೊಳಗೇ ಕೆಡತೊಡಗಿತು.

"ನಾ ಆಗಲೇ ಹೇಳಬೇಕಂತಿದ್ದೆ" ಎಂದರು ವಕೀಲರು, "ನಿಷಾದ ಒಂಚೂರು ಏರಿದಂಗ ಬರಾಕತ್ತಿತ್ತು."

"ಉಸರ ಐತಿ. ಉಸರ ಅಂದ್ರ ಸಂಗೀತ ಅಲ್ಲ" ಎಂದರು ಡಾಕ್ಟರು. "ದಮ್ ಇದ್ದಾಂವ ಯಾವನ ಬೇಕಾದ್ರೂ ಊದ್ತಾನ."

"ಸಂಬಾಳ ಅಂದಾಗ್ಲೇ ನನಗ ಸಂಶೇ ಬಂದಿತ್ತು" ಎಂದರು ಸಾವುಕಾರರು.

ಹತ್ತು ನಿಮಿಷದ ಹಿಂದಿನ ತಮ್ಮ ಮಾತನ್ನು ಅವರು ಇಷ್ಟು ಸಲೀಸಾಗಿ ನುಂಗಿದ್ದನ್ನು ಕಂಡು ನನಗೆ ಹೇಸಿಕೆಯಾಯಿತು. ಆ ಹೇಸಿಕೆಯನ್ನು ನನ್ನ ಲೆಕ್ಕಕ್ಕೆ ಪುಣ್ಯವೆಂದು ಹಿಡಿಯಬೇಡಿ. ಮುಂದೆ ನಾನು ಮಾಡಿದ್ದು ಅವರಿಗಿಂತ ಕೀಳು.

"ಕಾರಕೂನ್ರ" ಎಂದರು ಸಾವುಕಾರರು. "ಕಾಪಿ ಮಾಡಿ ಕೊಡ್ರಿ ಪಾಪ. ಆದ್ರ ಅದಕಿಂತ ಮೊದಲ ಸ್ವಚ್ಛ ಮಾಡ್ರಿ. ಆ ಗದ್ದಲ ಅಲ್ಲಿಂದ ಕಡೀತನಕಾ ತಗದ ಬಿಡ್ರಿ."

"ಕಾಪಿ ಮ್ಯಾಲ ತಗೀತೀನ್ರಿ."

"ಕಾಪಿ ಮ್ಯಾಲ ತಗದ್ರ ಮೂಲದಾಗ ಉಳೀತಲ್ಲ. ಮೂಲಾನ ಸ್ವಚ್ಛ ಆಗ್ಲಿ. ಯಾವತ್ತೂ ಹಂಗ ಮಾಡ್ತೀರಿ ಇಲ್ಲೊ?"

ಯಾವತ್ತೂ ಹಾಗೆಯೇ ಮಾಡುತ್ತಿದ್ದೆ. ಅದು ನಮ್ಮ ಕಟ್ಟುಪಾಡು.

ಸೊಸೆ ಇನ್ನೂ ಬಾಗಿಲಲ್ಲೇ ಇದ್ದರು. "ಇರ್ಲಿ ಬಿಡ್ರಿ ಮಾಂವಾರ" ಎಂದರು. "ನಮ್ಮ ಲಗ್ನದ್ದು ಒಂದಾರ ಇರ್ಲಿ."

"ತಾಟ ಇಟ್ಟ ಒಳಗ ಹೋಗು ನೀ."

ಅವರು ತಾಟು ಇಟ್ಟರು. ಒಳಗೆ ಹೋಗಲಿಲ್ಲ.

ಬೆನ್ನಿನ ಚಕ್ಕೆ ಮುರಿದ ಕ್ಯಾಸೆಟ್ಟಿನ ಮೇಲೆ ತುಂಬಬೇಕಾದರೆ ಆ ತೂತನ್ನು ಮುಚ್ಚಬೇಕು. ಡಾಕ್ಟರ ಚೀಲದಲ್ಲಿ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಇತ್ತು. ಕೇಳುವ ಮೊದಲೇ ಅವರು ಒಂದು ತುಂಡು ಕತ್ತರಿಸಿ ಕೊಟ್ಟರು. ಅದನ್ನು ತೂತಿನ ಮೇಲೆ ಹಚ್ಚಿ ಉಗುರಿನಿಂದ ತೀಡಿದೆ. ಕ್ಯಾಸೆಟ್ಟನ್ನು ಬಲಗಡೆಯ ಬಾಯಿಗೆ ಹಾಕಿದೆ. ಪಿನ್ನು ಸಿಕ್ಕಿಸಿದೆ. ಒದರುವಿಕೆಗೆ ಒಂದು ಕ್ಷಣ ಮೊದಲಿನ ಜಾಗವನ್ನು ಹುಡುಕಿ ನಿಲ್ಲಿಸಿದೆ. ಎರಡು ಬೆರಳನ್ನು ಎರಡು ಗುಂಡಿಗಳ ಮೇಲಿಟ್ಟೆ. ಮೇಲೆ ಬರೆದ ಹೊತ್ತು ಇದೇ.

"ಸಾಹೇಬ್ರ" ಎಂದ ಚಾಪೆಯವನು. "ಕೆಂಪ ಗುಂಡಿ ಯಾಕ್ರಿ?"

"ಸ್ವಚ್ಛ ಮಾಡೂದೈತಿ. ಗದ್ದಲ ಹೋಗತೈತಿ."

"ಅಣ್ಣ ಊದಿದ್ದು ಹಂಗ ಇರತೈತಲ್ರಿ?"

ಅವನು ಯಾವುದನ್ನು ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ಗೊತ್ತಿದ್ದದ್ದು ಅವನಿಗೆ ಬಿಟ್ಟರೆ ನನಗೊಬ್ಬನಿಗೇ. ಗಾದಿಯವರು ಒದರುವಿಕೆಯ ಆಚೆಗೆ ಕೇಳಿಯೇ ಇರಲಿಲ್ಲ, ನಾನು ಅಲ್ಲಿಗೇ ನಿಲ್ಲಿಸಿದ್ದೆ. ಸಾವುಕಾರರು ನನ್ನನ್ನು ನೋಡುತ್ತಿದ್ದರು. ಮುಂದಿನ ರವಿವಾರ ಈ ಮೇಜಿನ ಹತ್ತಿರ ನಿಲ್ಲಲು ಕರೆಯುತ್ತಾರೋ ಇಲ್ಲವೋ ಎಂಬುದು ನನ್ನ ತಲೆಯಲ್ಲಿತ್ತು. ಬೇರೆ ಏನೂ ಇರಲಿಲ್ಲ.

"ಇರತೈತಿ" ಎಂದೆ.

ಒತ್ತಿದೆ. ನಲವತ್ತು ಸೆಕೆಂಡು ಆದಮೇಲೂ, ಖಾತ್ರಿಗೆಂದು, ಇನ್ನೂ ಹತ್ತು ಸೆಕೆಂಡು ಬಿಟ್ಟೆ. ಟೇಪಿನ ಚಕ್ರಗಳು ತಿರುಗುವುದು ಕಾಣುತ್ತಿತ್ತು, ಸದ್ದಿರಲಿಲ್ಲ. ವಕೀಲರು ಅವಲಕ್ಕಿಗೆ ನಿಂಬೆಹುಳಿ ಹಿಂಡಿಕೊಂಡರು.

ಆಮೇಲೆ ಕಾಪಿ ಮಾಡಿದೆ. ಸರಿಯಾಗಿ ಬಂದಿದೆಯೋ ನೋಡಲು ಕೊನೆಯ ಭಾಗವನ್ನು ಕೇಳಿಸಿದೆ. ಸಾರಂಗ ಏರುತ್ತ ಹೋಗಿ, ಮೇಲಿನ ಷಡ್ಜದ ಹತ್ತಿರ ಒಂದು ಎಳೆಯ ನಡುವೆ ಕತ್ತರಿಸಿದಂತೆ ನಿಂತಿತು. ಮುಂದೆ ಬರಿಯ ಸುಯ್ಯೆನ್ನುವ ಮೌನ.

"ಈಗ ನೋಡ್ರಿ, ಎಷ್ಟ ಚೊಕ್ಕ ಆತು" ಎಂದರು ವಕೀಲರು.

ಚಾಪೆಯವನು ಇನ್ನೂ ಕಾಯುತ್ತಿದ್ದ. ಮೌನ ಮುಂದುವರಿಯಿತು. ನಾನು ನಿಲ್ಲಿಸಿದೆ.

"ಇಳಿಸಿದ್ದ ಎಲ್ಲಿ ಹೋತ್ರಿ?" ಎಂದ ಅವನು. ನನ್ನನ್ನಲ್ಲ, ಟೇಪನ್ನು ಕೇಳಿದ ಹಾಗಿತ್ತು.

"ಏನ ಇಳಿಸಿದ್ದು?" ಎಂದರು ಸಾವುಕಾರರು.

"ಅಣ್ಣ ಮುಗಿಸಿ ಕೆಳಗ ಇಳಿಸಿದ್ದರಿ. ಹೆಸರ ಓದೂದರ ಹಿಂದ ಇತ್ತಲ್ರಿ."

"ಅಷ್ಟ ಅಲ್ಲೇನು? ಇಪ್ಪತ್ತ ಮಿನಿಟ್ ಐತಿ, ಒಂದ ಚೂರ ಹೋದ್ರ ಏನಾಗತೈತಿ ಮಾರಾಯಾ. ಚಾ ಆರಾಕತ್ತೈತಿ, ಕುಡಿ."

ಅವನು ಚಹಾ ಕುಡಿದ. ಲೋಟವನ್ನು ತಾನೇ ತೊಳೆಯಲು ಕೆಳಗೆ ಒಯ್ದ. ಮೇಲೆ ಬಂದು ಎರಡೂ ಕ್ಯಾಸೆಟ್ಟುಗಳನ್ನು ಇಸಿದುಕೊಂಡು ಎಲ್ಲರಿಗೂ ಕೈ ಮುಗಿದ. ನಾವು ಪಾವಟಿಗೆ ಇಳಿಯುವಾಗ ಮಾಳಿಗೆಯಲ್ಲಿ ವಕೀಲರ ಮಾರವಾ ಕಥೆ ಶುರುವಾಗಿತ್ತು.

ಚಿಕ್ಕೋಡಿಯ ಸ್ಟ್ಯಾಂಡಿನಲ್ಲಿ ಮುಂದಿನ ಬಸ್ಸಿಗೆ ಕಾಯುವಾಗ ಅವನು ಕಲ್ಲಿನ ಕಟ್ಟೆಯ ಮೇಲೆ ಕೂತು, ತುಟಿ ಮುಚ್ಚಿ ಏನನ್ನೋ ಗುನುಗಲು ನೋಡಿದ. ಎರಡು ಸಲ ಏರಿದ. ಇಳಿಯುವ ಕಡೆ ದಾರಿ ತಪ್ಪಿತು. ಮೂರನೆಯ ಸಲ ಬಿಟ್ಟುಬಿಟ್ಟ.

"ತಪ್ಪಾತು" ಎಂದೆ. "ನಾ ಲೌಡ್‌ಸ್ಪೀಕರಿನಾಂವನ ಕಡೆ ಹುಡಕತೀನಿ."

"ನಿಮಗ ಗೊತ್ತಿತ್ತಲ್ರಿ ಸಾಹೇಬ್ರ" ಎಂದ. ದನಿ ಏರಿಸಲಿಲ್ಲ. "ಅಂಗಡ್ಯಾಗ ನೀವೂ ಕೇಳಿದ್ರಿ."

ರಾಯಬಾಗದಲ್ಲಿ ಇಳಿದು ಉಗಾರದ ಬಸ್ಸು ಹತ್ತಿದ.

ಲೌಡ್‌ಸ್ಪೀಕರಿನವನನ್ನು ಹುಡುಕಿದೆ. ಅವನು ತನ್ನ ಕ್ಯಾಸೆಟ್ಟಿನ ಮೇಲೆ ಆಗಲೇ ಯಾವುದೋ ಮೆರವಣಿಗೆಯ ಹಾಡು ತುಂಬಿದ್ದ. ಆ ಲಗ್ನಕ್ಕೆ ಬಂದಿದ್ದವರಲ್ಲಿ ಟೇಪು ಇದ್ದವರನ್ನು ಮುಗಳಖೋಡದವರೆಗೆ ಹೋಗಿ ವಿಚಾರಿಸಿದೆ. ಯಾರೂ ತುಂಬಿರಲಿಲ್ಲ. ನಿಪ್ಪಾಣಿಗೆ ನಾನು ಇನ್ನೂ ಒಂದು ವರ್ಷ ಹೋದೆ. ಆ ದಿನವೇ ಬಿಟ್ಟೆ ಎಂದು ಬರೆಯಲು ಮನಸ್ಸಾಗುತ್ತದೆ, ಅದು ಸುಳ್ಳು. ಒಂದು ವರ್ಷ ಹೋದೆ, ಮೇಜಿನ ಹತ್ತಿರ ನಿಂತೆ, ಕೆಮ್ಮುಗಳನ್ನು ತೆಗೆದೆ. ರಾಯಬಾಗದಿಂದ ದೂರದ ತಾಲೂಕಿಗೆ ವರ್ಗವಾದಾಗ ಬಿಟ್ಟೆ.

ಸಾವುಕಾರರು ತೀರಿಕೊಂಡಿದ್ದಾರೆ. ವಕೀಲರೂ ಇಲ್ಲ. ಆ ಕೋಣೆಯಲ್ಲಿದ್ದವರಲ್ಲಿ ನನ್ನನ್ನು ಬಿಟ್ಟು ಇವತ್ತು ಮೂವರು ಬದುಕಿದ್ದಾರೆ.

ಡಾಕ್ಟರು ಅಥಣಿಯಲ್ಲಿದ್ದಾರೆ. ದವಾಖಾನೆ ಮಗ ನೋಡಿಕೊಳ್ಳುತ್ತಾನೆ. ನಿಪ್ಪಾಣಿಯಲ್ಲಿ ತಾವು ಉತ್ತರದ ದೊಡ್ಡ ಉಸ್ತಾದರ ಎಲ್ಲಿಯೂ ಸಿಗದ ಸಾರಂಗವನ್ನು ಕೇಳಿದ್ದಾಗಿಯೂ, ಆ ಕ್ಯಾಸೆಟ್ಟು ಟೇಪಿನ ದೋಷದಿಂದ ಹಾಳಾಯಿತೆಂದೂ ಹೊಸಬರಿಗೆ ಹೇಳುತ್ತಾರೆ. ಉಗಾರದ ಸನಾದಿಯವನು ಸತ್ತು ಬಹಳ ವರ್ಷವಾದದ್ದರಿಂದ ಅವನನ್ನು ಅವರು ಈಗ ಅವನ ಹೆಸರಿನಲ್ಲೇ ಒಪ್ಪಬಹುದಾಗಿತ್ತು. ಒಪ್ಪಿಲ್ಲ.

ಸೊಸೆ ಅದೇ ಮನೆಯಲ್ಲಿದ್ದಾರೆ, ಈಗ ಅವರೇ ಅತ್ತೆ. ಹೋದ ವರ್ಷ ಕಂಡು ಕೇಳಿದೆ. ಅವರಿಗೆ ಎಲ್ಲ ನೆನಪಿದೆ. ಮಾವನವರು ಕೂಗಿದ್ದು, ಅಂಟುಪಟ್ಟಿಯ ತುಂಡು, ತಾವು ತಾಟು ಇಟ್ಟ ಜಾಗ. ಆಯೇರದ ಮೊದಲ ಎರಡು ಹೆಸರುಗಳನ್ನೂ ಹೇಳಿದರು. ಊದಿದ್ದು ನೆನಪಿಲ್ಲವೆಂದರು. "ನನ್ನ ಲಗ್ನದಾಗ ನಾ ತಲಿ ಬಗ್ಗಿಸಿ ಕುಂತಿದ್ದೆರಿ."

ಮೂರನೆಯವನು ಉಗಾರ ಬುದ್ರುಕದಲ್ಲಿದ್ದಾನೆ. ಎಂಬತ್ತು ದಾಟಿದ್ದಾನೆ, ಕಿವಿ ಚೆನ್ನಾಗಿವೆ. ನಾನು ಹೋದರೆ ಕೂಡಿಸುತ್ತಾನೆ, ಚಹಾ ತರಿಸುತ್ತಾನೆ, ಆ ರವಿವಾರದ ಮಾತು ಎತ್ತುವುದಿಲ್ಲ. ಇದರಲ್ಲಿ ನಾನು ತಪ್ಪಾಗಿ ಬರೆದದ್ದು ಏನಾದರೂ ಇದ್ದರೆ ಅವನನ್ನು ಕೇಳಬಹುದು.